ದೊರೆಗೆ ಅರ್ಜಿ ಹಿಡಿದು ಹೊರಟವರು: ಝಾರರ ರಷ್ಯಾದಲ್ಲಿ ದಂಗೆ ಮತ್ತು ಕ್ರಾಂತಿ

(ಇತಿಹಾಸಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಇಲ್ಲಿನ ತಾರೀಖುಗಳು ಅಂದಿನ ರಷ್ಯಾ ಬಳಸುತ್ತಿದ್ದ ಹಳೆಯ ಕ್ಯಾಲೆಂಡರಿನವು. ಇಪ್ಪತ್ತನೆಯ ಶತಮಾನದಲ್ಲಿ ಅದು ನಮ್ಮ ಇಂದಿನ ಕ್ಯಾಲೆಂಡರಿಗಿಂತ ಹದಿಮೂರು ದಿನ ಹಿಂದಿತ್ತು.)

ಎಲ್ಲರಿಗೂ ನಮಸ್ಕಾರ. ರಷ್ಯಾದ ಕ್ರಾಂತಿ ಎಂದೊಡನೆ ನಮಗೆ ನೆನಪಾಗುವುದು 1917, ಲೆನಿನ್, ಕೆಂಪು ಬಾವುಟ. ಇವತ್ತು ನಾನು ಅತ್ತ ಹೆಚ್ಚು ಹೋಗುವುದಿಲ್ಲ, ಕೊನೆಯಲ್ಲಿ 1917ನ್ನು ಮುಟ್ಟಿ ನಿಲ್ಲಿಸುತ್ತೇನೆ. ಅದಕ್ಕೂ ಹಿಂದಿನ ಇನ್ನೂರೈವತ್ತು ವರ್ಷಗಳಿಗೂ ಮಿಕ್ಕ ಕಾಲದಲ್ಲಿ ಅಲ್ಲಿನ ರೈತರು, ಗಡಿನಾಡಿನ ಸವಾರ ಯೋಧರಾದ ಕೊಸಾಕರು, ಕೂಲಿಗಳು ಯಾವ ಮಾತು ಆಡುತ್ತಾ ಬಂಡೆದ್ದರು, ಯಾರ ಹೆಸರು ಹೇಳಿ ಸತ್ತರು ಎಂಬುದನ್ನು ನೋಡೋಣ. ಈ ಚರಿತ್ರೆಯನ್ನು ಓದಿದಷ್ಟೂ ನನಗೆ ಒಂದು ಸಂಗತಿ ಗಟ್ಟಿಯಾಗುತ್ತಾ ಬಂದಿದೆ. ರಷ್ಯಾದ ಜನ ಶತಮಾನಗಳ ಕಾಲ ದಂಗೆಯೆದ್ದದ್ದು ದೊರೆಯ ಹೆಸರಿನಲ್ಲೇ. ದೊರೆಯ ಮೇಲಿನ ಆ ನಂಬಿಕೆ ಮುರಿದು ಬೀಳುವವರೆಗೆ ಅಲ್ಲಿ ದಂಗೆಗಳು ನಡೆದವು, ಕ್ರಾಂತಿ ಆಗಲಿಲ್ಲ. ಆ ನಂಬಿಕೆಯನ್ನು ಮುರಿದವರು ಕ್ರಾಂತಿಕಾರಿಗಳೂ ಅಲ್ಲ. ದೊರೆಗಳೇ ಅದನ್ನು ಮುರಿದರು.

1648ರ ಮಾಸ್ಕೋದಿಂದ ಶುರು ಮಾಡುತ್ತೇನೆ. ಆಗ ಪಟ್ಟದಲ್ಲಿದ್ದವನು ಹತ್ತೊಂಬತ್ತು ವರ್ಷದ ಅಲೆಕ್ಸೇಯ್ ಮಿಖಾಯ್ಲೊವಿಚ್. ಆಡಳಿತ ನಡೆಸುತ್ತಿದ್ದವನು ಅವನ ಗುರುವೂ ಹತ್ತಿರದ ನೆಂಟನೂ ಆಗಿದ್ದ ಬೊರಿಸ್ ಮೊರೊಜೊವ್. ಎರಡು ವರ್ಷ ಮೊದಲು ಉಪ್ಪಿನ ಮೇಲೆ ಭಾರೀ ತೆರಿಗೆ ಹಾಕಿದ್ದರು. ಮೀನನ್ನು ಉಪ್ಪು ಹಾಕಿ ಕೂಡಿಟ್ಟು ಚಳಿಗಾಲ ಕಳೆಯುವ ನಾಡಿನಲ್ಲಿ ಉಪ್ಪು ತುಟ್ಟಿಯಾದರೆ ಬಡವರ ಗತಿ ಏನಾಗಬೇಕು? ಮೀನು ಕೊಳೆಯಿತು, ಜನ ಉಪ್ಪು ಕೊಳ್ಳುವುದನ್ನೇ ಕಡಿಮೆ ಮಾಡಿದರು. ಸರ್ಕಾರ ಆ ತೆರಿಗೆಯನ್ನು ರದ್ದು ಮಾಡಿತು. ಆದರೆ ಹಳೆಯ ಕಂದಾಯದ ಬಾಕಿಯನ್ನೆಲ್ಲ ಒಟ್ಟಿಗೆ ವಸೂಲಿ ಮಾಡಲು ಹೊರಟಿತು. ಜೂನ್ ಮೊದಲ ದಿನ ದೊರೆ ಯಾತ್ರೆ ಮುಗಿಸಿ ಊರಿಗೆ ಮರಳುವಾಗ ಜನ ದಾರಿಯಲ್ಲಿ ನಿಂತು ಅರ್ಜಿ ಕೊಡಲು ಮುಂದಾದರು. ಕಾವಲಿನವರು ಚಾವಟಿಯಿಂದ ಹೊಡೆದು ಅಟ್ಟಿದರು, ಕೆಲವರನ್ನು ಹಿಡಿದು ಒಳಗೆ ಹಾಕಿದರು. ಮರುದಿನ ಮಾಸ್ಕೋ ಸಿಡಿಯಿತು. ಅಧಿಕಾರಿಗಳ ಮನೆಗಳು ಲೂಟಿಯಾದವು, ಊರಿನ ದೊಡ್ಡ ಭಾಗ ಬೆಂಕಿಗೆ ಬಿತ್ತು, ಜನರಿಗೆ ಬೇಡವಾಗಿದ್ದ ಒಬ್ಬ ನ್ಯಾಯಾಧಿಕಾರಿಯನ್ನು ಅವರ ಕೈಗೇ ಒಪ್ಪಿಸಬೇಕಾಯಿತು. ಮೊರೊಜೊವ್‌ನನ್ನು ಮಾತ್ರ ಕೊಲ್ಲಬೇಡಿ ಎಂದು ದೊರೆಯೇ ಕಣ್ಣೀರಿಟ್ಟು ಕೇಳಿಕೊಂಡ. ಜನ ಒಪ್ಪಿದರು! ಇದನ್ನು ಗಮನಿಸಿ. ಅಧಿಕಾರಿಗಳ ಮನೆಗಳನ್ನು ಸುಟ್ಟ ಜನ ದೊರೆಯ ಕಣ್ಣೀರಿಗೆ ಕರಗಿದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವಲ್ಲ, ರಷ್ಯಾದ ಬಡವರ ರಾಜಕೀಯವೆಲ್ಲ ಆ ಗಾದೆಯೊಳಗೇ ಇತ್ತು. ದೊರೆ ಒಳ್ಳೆಯವನು, ನಡುವೆ ನಿಂತ ಶ್ರೀಮಂತರು, ಅಂದರೆ ಬೊಯಾರರು, ಕೆಟ್ಟವರು. ನಮ್ಮ ಅಹವಾಲು ಅವನ ಕಿವಿಗೆ ಬಿದ್ದರೆ ಸಾಕು ಎಂಬ ಭರವಸೆ.

ಆ ದಂಗೆಯ ಬೆನ್ನಿಗೇ, 1649ರಲ್ಲಿ, ಹೊಸ ಕಾನೂನು ಸಂಹಿತೆ ಬಂತು. ಅದು ರೈತನನ್ನು ಜಮೀನಿಗೆ ಶಾಶ್ವತವಾಗಿ ಕಟ್ಟಿಹಾಕಿತು. ಮೊದಲೆಲ್ಲ ಓಡಿಹೋದ ರೈತನನ್ನು ಇಂತಿಷ್ಟು ವರ್ಷದೊಳಗೆ ಹುಡುಕಿಕೊಳ್ಳಬೇಕಿತ್ತು, ಆ ಗಡುವು ದಾಟಿದರೆ ಅವನು ಬಚಾವು. ಇನ್ನು ಮೇಲೆ ಗಡುವೇ ಇಲ್ಲ. ಅವನ ಮಕ್ಕಳನ್ನೂ ಹಿಡಿದು ತರಬಹುದು. ಅದೇ ಸಂಹಿತೆಯಲ್ಲಿ ಇನ್ನೊಂದು ಕಲಮು ಇತ್ತು: ಮೊದಲು ಕಚೇರಿಗೆ ದೂರು ಕೊಡದೆ ನೇರವಾಗಿ ದೊರೆಗೆ ಅರ್ಜಿ ಸಲ್ಲಿಸಿದವರಿಗೆ ದೊಣ್ಣೆ ಏಟಿನ ಶಿಕ್ಷೆ. ಹಸಿದವನ ಕಾಲು ಕಟ್ಟಿದ್ದೂ ಬಾಯಿ ಕಟ್ಟಿದ್ದೂ ಒಂದೇ ಪುಸ್ತಕ.

ಆದರೂ ಜನ ಹೋಗುವುದನ್ನು ಬಿಡಲಿಲ್ಲ. 1662ರ ಹೊತ್ತಿಗೆ ಯುದ್ಧದ ಖರ್ಚಿಗೆಂದು ಸರ್ಕಾರ ತಾಮ್ರದ ನಾಣ್ಯಗಳನ್ನು ಬೆಳ್ಳಿಯ ಬೆಲೆಗೆ ಚಲಾವಣೆಗೆ ತಂದಿತ್ತು. ಆದರೆ ತೆರಿಗೆಯನ್ನು ಮಾತ್ರ ಬೆಳ್ಳಿಯಲ್ಲೇ ಕೇಳುತ್ತಿತ್ತು. ದವಸದ ಬೆಲೆ ಕೈಗೆ ಸಿಗದಂತೆ ಏರಿತು. ಜುಲೈನಲ್ಲಿ ಸಾವಿರಾರು ಜನ ಮಾಸ್ಕೋ ಹತ್ತಿರದ ಕೊಲೊಮೆನ್‌ಸ್ಕೊಯೆಗೆ, ದೊರೆಯ ಬೇಸಗೆ ಅರಮನೆಗೆ ನಡೆದರು. ದೊರೆ ಹೊರಗೆ ಬಂದ. ವಿಚಾರಣೆ ಮಾಡಿಸುತ್ತೇನೆ ಎಂದ. ಅವರು ಅವನ ಅಂಗಿಯ ಗುಂಡಿ ಹಿಡಿದುಕೊಂಡು, ನಿನ್ನನ್ನು ನಂಬುವುದು ಹೇಗೆ ಎಂದು ಕೇಳಿದರು. ಅವನು ದೇವರ ಮೇಲೆ ಆಣೆ ಇಟ್ಟ. ಗುಂಪಿನಲ್ಲಿದ್ದ ಒಬ್ಬ ಅವನ ಕೈಗೆ ಕೈ ಕೊಟ್ಟು ಮಾತು ಪಕ್ಕಾ ಮಾಡಿಕೊಂಡ. ಈ ಚರಿತ್ರೆಯುದ್ದಕ್ಕೂ ನನ್ನನ್ನು ಬಹಳ ಕಾಡುವ ಗಳಿಗೆ ಇದು. ಒಬ್ಬ ಸಾಮಾನ್ಯ ಮನುಷ್ಯ ರಷ್ಯಾದ ದೊರೆಯ ಕೈ ಹಿಡಿದು ಒಪ್ಪಂದ ಮಾಡಿಕೊಂಡಿದ್ದಾನೆ. ಅಂದೇ ಕೆಲವು ಗಂಟೆಗಳ ನಂತರ, ಎರಡನೆಯ ಗುಂಪು ಬಂದಾಗ, ಅಷ್ಟರಲ್ಲಿ ಸೈನಿಕರೂ ಬಂದು ಸೇರಿದ್ದರಿಂದ, ಅವರನ್ನು ಕಡಿದು ನದಿಗೆ ಅಟ್ಟಲಾಯಿತು. ಸತ್ತವರು ನೂರಾರು.

ಎಂಟು ವರ್ಷದ ನಂತರ ವೋಲ್ಗಾ ನದಿಯ ಉದ್ದಕ್ಕೂ ದಂಗೆ ಎಬ್ಬಿಸಿದ ಡಾನ್ ನದಿ ಸೀಮೆಯ ಕೊಸಾಕ್ ಸ್ಟೆಂಕಾ ರಾಜಿನ್ ಕೂಡ ತಾನು ದೊರೆಯ ಪರ, ಬೊಯಾರರ ವಿರುದ್ಧ ಎಂದೇ ಸಾರಿದ. ಆಗಷ್ಟೇ ತೀರಿಕೊಂಡಿದ್ದ ಯುವರಾಜ ತನ್ನ ದೋಣಿಯಲ್ಲಿ ಜೀವಂತವಾಗಿದ್ದಾನೆ ಎಂದು ಸುದ್ದಿ ಹಬ್ಬಿಸಿದ. ಸಿಂಬಿರ್ಸ್ಕ್ ಬಳಿ ಸೋತು, 1671ರಲ್ಲಿ ಮಾಸ್ಕೋದಲ್ಲಿ ವಧೆಯಾದ.

ಇನ್ನು ಹದಿನೆಂಟನೆಯ ಶತಮಾನಕ್ಕೆ ಬರುತ್ತೇನೆ. ಮಹಾರಾಣಿ ಎರಡನೆಯ ಕ್ಯಾಥರೀನ್ 1762ರಲ್ಲಿ ಪಟ್ಟಕ್ಕೆ ಬಂದಾಗ, ದಾರ್ಯಾ ಸಾಲ್ತಿಕೊವಾ ಎಂಬ ಜಮೀನುದಾರಿಣಿಯ ಇಬ್ಬರು ಜೀತದಾಳುಗಳು ಹೇಗೋ ಮಹಾರಾಣಿಯ ಕೈಗೆ ಅರ್ಜಿ ಮುಟ್ಟಿಸಿದರು. ಅವರಲ್ಲಿ ಒಬ್ಬನಾದ ಯೆರ್ಮೊಲಾಯ್ ಇಲ್ಯಿನ್ ಎಂಬವನ ಹೆಂಡತಿಯರನ್ನು ಒಬ್ಬರಾದ ಮೇಲೊಬ್ಬರಂತೆ ಆ ಧಣಿ ಕೊಲ್ಲಿಸಿದ್ದಳು. ಅದಕ್ಕೂ ಮೊದಲು ಕೊಟ್ಟಿದ್ದ ದೂರುಗಳೆಲ್ಲ ಲಂಚದ ಅಡಿಯಲ್ಲಿ ಹೂತುಹೋಗಿದ್ದವು. ಈ ಬಾರಿ ತನಿಖೆ ನಡೆಯಿತು. 38 ಜನರ ಸಾವಿಗೆ ಅವಳೇ ಕಾರಣ ಎಂದು ತೀರ್ಮಾನವಾಯಿತು. 1768ರಲ್ಲಿ ಅವಳನ್ನು ಬದುಕಿರುವವರೆಗೆ ಸೆರೆಯಲ್ಲಿಡಲು ಮಠವೊಂದರ ನೆಲಮಾಳಿಗೆಗೆ ಕಳಿಸಿದರು. ಅಂದರೆ, ಆ ಒಂದು ಸಲ ಅರ್ಜಿ ಫಲಿಸಿತು. ಆದರೆ ಆ ತೀರ್ಪಿಗೆ ಒಂದು ವರ್ಷ ಮೊದಲು, 1767ರ ಆಗಸ್ಟ್ 22ರಂದು, ಅದೇ ಕ್ಯಾಥರೀನಳ ಆಳ್ವಿಕೆಯಲ್ಲಿ ಆಜ್ಞೆಯೊಂದು ಹೊರಬಿದ್ದಿತ್ತು: ಇನ್ನು ಮುಂದೆ ಜೀತದ ರೈತರು ತಮ್ಮ ಧಣಿಗಳ ವಿರುದ್ಧ ಮಹಾರಾಣಿಗೆ ದೂರು ಸಲ್ಲಿಸಿದರೆ ಚಾವಟಿ ಏಟು ಮತ್ತು ಸೈಬೀರಿಯಾದ ನೆರ್ಚಿನ್‌ಸ್ಕ್‌ನಲ್ಲಿ ಕಠಿಣ ದುಡಿಮೆ. ಇಲ್ಯಿನ್‌ನಂಥ ಮತ್ತೊಬ್ಬ ಬಾರದಂತೆ ಬಾಗಿಲು ಹಾಕಿಯಾಗಿತ್ತು.

ಐದು ವರ್ಷದ ನಂತರ, 1772ರ ಜನವರಿಯಲ್ಲಿ, ಯಾಯಿಕ್ ನದಿಯ ಕೊಸಾಕರು ತಮ್ಮ ಮುಖಂಡರ ಲಂಚಗುಳಿತನದ ಬಗ್ಗೆ ಮನವಿ ಕೊಟ್ಟು ಕೊಟ್ಟು ಬೇಸತ್ತು, ಕೈಯಲ್ಲಿ ದೇವರ ಪಟಗಳನ್ನು ಹಿಡಿದು, ತನಿಖೆಗೆ ಬಂದಿದ್ದ ಸೇನಾಪತಿಯ ಮನೆಯತ್ತ ಮೆರವಣಿಗೆ ಹೊರಟರು. ಅವನು ಫಿರಂಗಿ ಹಾರಿಸಿದ. ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರು ತಿರುಗಿ ಬಿದ್ದು ಅವನನ್ನು ಕೊಂದರು, ಆಮೇಲೆ ಆ ದಂಗೆಯನ್ನು ಸೈನ್ಯ ತುಳಿದುಹಾಕಿತು. ಈ ಜನವರಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ನೂರಮೂವತ್ತಮೂರು ವರ್ಷದ ನಂತರ ಇನ್ನೊಂದು ಜನವರಿಯಲ್ಲಿ ಇದೇ ದೃಶ್ಯ ರಾಜಧಾನಿಯಲ್ಲಿ ಕಾಣಲಿದೆ.

ಆ ಕೊಸಾಕರ ನಡುವೆಯೇ ಮರುವರ್ಷ ಯೆಮೆಲ್ಯಾನ್ ಪುಗಚೊವ್ ಕಾಣಿಸಿಕೊಂಡ. ಸೈನ್ಯದಿಂದ ತಪ್ಪಿಸಿಕೊಂಡವನು, ಓದು ಬರಹ ಬಾರದವನು. ಕ್ಯಾಥರೀನಳ ಗಂಡ ಮೂರನೆಯ ಪೀಟರ್ 1762ರಲ್ಲೇ ಕೊಲೆಯಾಗಿದ್ದ. ಪುಗಚೊವ್ ತಾನೇ ಆ ಪೀಟರ್, ಸಾಯದೆ ಉಳಿದು ಜನರ ಕಷ್ಟ ನೋಡುತ್ತಾ ಅಲೆದು ಬಂದಿದ್ದೇನೆ ಎಂದ. ಮೈಮೇಲಿನ ಹಳೆಯ ಗಾಯದ ಕಲೆಗಳನ್ನು ತೋರಿಸಿ ಇವೇ ರಾಜಲಕ್ಷಣ ಎಂದ. ಅವನ ಹತ್ತಿರದ ಕೊಸಾಕರಲ್ಲಿ ಕೆಲವರಿಗಾದರೂ ಸತ್ಯ ಗೊತ್ತಿತ್ತು. ಆದರೂ ಸೈನ್ಯ ಬೆಳೆಯಿತು. ಉರಾಲ್ ಸೀಮೆಯ ಬಶ್ಕೀರ ಜನಾಂಗದವರು ತಮ್ಮ ನಾಯಕ ಸಲಾವತ್ ಯುಲಾಯೆವ್‌ನ ಹಿಂದೆ ಬಂದು ಸೇರಿದರು, ಉರಾಲ್ ಪರ್ವತದ ಕಬ್ಬಿಣ ಕಾರ್ಖಾನೆಗಳ ಜೀತದಾಳುಗಳು ಬಂದರು. ಒರೆನ್‌ಬುರ್ಗ್ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಬಿತ್ತು. 1774ರ ಜುಲೈನಲ್ಲಿ ಕಜಾನ್ ನಗರ ಉರಿಯಿತು. ಅದೇ ಜುಲೈ 31ರಂದು ಈ ನಕಲಿ ದೊರೆ ಹೊರಡಿಸಿದ ಫರ್ಮಾನಿನಲ್ಲಿ ರಷ್ಯಾದ ರೈತನಿಗೆ ಬೇಕಾದದ್ದೆಲ್ಲವೂ ಇತ್ತು. ಜೀತದಿಂದ ಬಿಡುಗಡೆ, ಸೈನ್ಯದ ಬಲವಂತದ ಭರ್ತಿ ಇಲ್ಲ, ತಲೆಗಂದಾಯ ಇಲ್ಲ, ಹೊಲ, ಕಾಡು, ಹುಲ್ಲುಗಾವಲು, ಮೀನುಗಾರಿಕೆಯ ನೀರು, ಉಪ್ಪಿನ ಸರೋವರಗಳು ಎಲ್ಲವೂ ಪುಕ್ಕಟೆ. ಜೊತೆಗೆ, ಜಮೀನುದಾರರನ್ನು ಹಿಡಿದು ಗಲ್ಲಿಗೇರಿಸಿ ಎಂಬ ಅಪ್ಪಣೆ. ಆ ಬೇಸಗೆ ವೋಲ್ಗಾದ ಪಶ್ಚಿಮ ದಂಡೆಯ ಹಳ್ಳಿಗಳಲ್ಲಿ ನಡೆದ ಕೊಲೆಗಳಲ್ಲಿ ಧಣಿಗಳ ಹೆಂಡತಿ ಮಕ್ಕಳೂ ಸತ್ತರು. ಅದನ್ನು ಮುಚ್ಚಿಟ್ಟು ಈ ಕತೆ ಹೇಳಬಾರದು.

ಸೆಪ್ಟೆಂಬರಿನಲ್ಲಿ ಅವನ ಕೊಸಾಕರೇ ಅವನನ್ನು ಹಿಡಿದುಕೊಟ್ಟರು. 1775ರ ಜನವರಿಯಲ್ಲಿ ಮಾಸ್ಕೋದಲ್ಲಿ ತಲೆ ಕಡಿದರು. ದಂಗೆಯ ನೆನಪೇ ಉಳಿಯದಿರಲಿ ಎಂದು ಕ್ಯಾಥರೀನ್ ಯಾಯಿಕ್ ನದಿಯ ಹೆಸರನ್ನೇ ಅಳಿಸಿ ಉರಾಲ್ ಎಂದು ಬದಲಿಸಿದಳು. ಅದು ಇವತ್ತಿಗೂ ಅದೇ ಹೆಸರಿನಲ್ಲಿ ಹರಿಯುತ್ತಿದೆ.

1825ರ ಡಿಸೆಂಬರ್ 14ರಂದು ಸೇಂಟ್ ಪೀಟರ್ಸ್‌ಬರ್ಗ್‌ನ ಸೆನೆಟ್ ಚೌಕದಲ್ಲಿ ಶ್ರೀಮಂತ ಮನೆತನದ ಸೇನಾಧಿಕಾರಿಗಳು ಸುಮಾರು 3,000 ಸೈನಿಕರನ್ನು ನಿಲ್ಲಿಸಿದ ಕತೆ ನಿಮಗೆ ಗೊತ್ತಿರಬಹುದು. ಅಧಿಕಾರಿಗಳ ಮನಸ್ಸಿನಲ್ಲಿದ್ದದ್ದು ಸಂವಿಧಾನ ಮತ್ತು ಜೀತದ ಅಂತ್ಯ. ಸೈನಿಕರಿಗೆ ಹೇಳಿದ್ದು ಮಾತ್ರ, ನಿಜವಾದ ದೊರೆ ಕಾನ್‌ಸ್ಟಂಟೈನ್, ಅವನ ಹಕ್ಕನ್ನು ಅವನ ತಮ್ಮನಾದ ನಿಕೊಲಸ್ ಕಸಿದುಕೊಂಡಿದ್ದಾನೆ ಎಂದು. ಐವರು ನೇಣಿಗೇರಿದರು, ನೂರಕ್ಕೂ ಹೆಚ್ಚು ಜನ ಸೈಬೀರಿಯಾಕ್ಕೆ ಹೋದರು. ಅಷ್ಟು ಓದಿಕೊಂಡವರು ಕೂಡ ಬಡ ಸೈನಿಕನನ್ನು ಎಬ್ಬಿಸಲು ಒಬ್ಬ ಒಳ್ಳೆಯ ದೊರೆಯ ಹೆಸರನ್ನೇ ಹಿಡಿಯಬೇಕಾಯಿತು.

1861ರ ಫೆಬ್ರುವರಿ 19ರಂದು ಎರಡನೆಯ ಅಲೆಕ್ಸಾಂಡರ್ ಜೀತ ಪದ್ಧತಿಯನ್ನು ರದ್ದು ಮಾಡಿದ. ಧಣಿಗಳ ಕೈಕೆಳಗಿದ್ದ ಎರಡು ಕೋಟಿಗೂ ಹೆಚ್ಚು ಜನ ಕಾನೂನಿನ ಪ್ರಕಾರ ಬಿಡುಗಡೆಯಾದರು. ದೊಡ್ಡ ಕೆಲಸ, ಅದನ್ನು ಒಪ್ಪಲೇಬೇಕು. ಆದರೆ ಒಳಗೆ ಏನಿತ್ತು? ತಾತ ಮುತ್ತಾತಂದಿರು ಉತ್ತ ಹೊಲಕ್ಕೇ ರೈತ 49 ವರ್ಷ ಕಂತು ಕಟ್ಟಬೇಕು. ಅನೇಕ ಕಡೆ ಅವನು ಅಲ್ಲಿಯವರೆಗೆ ಉಳುತ್ತಿದ್ದ ಭೂಮಿಯಲ್ಲೇ ಒಂದು ಪಾಲನ್ನು, ಎಷ್ಟೋ ಸಲ ಹುಲ್ಲುಗಾವಲು ಮತ್ತು ನೀರಿನ ಜಾಗವನ್ನು, ಧಣಿ ಕತ್ತರಿಸಿ ಇಟ್ಟುಕೊಂಡ. ಜೊತೆಗೆ ಎರಡು ವರ್ಷ ಹಳೆಯ ಬಿಟ್ಟಿ ದುಡಿಮೆ ಮುಂದುವರಿಯಬೇಕು. ಕಾನೂನಿನ ಪುಸ್ತಕ ದಪ್ಪ, ಭಾಷೆ ಕಚೇರಿಯದು. ರೈತರು ಕೇಳಿ ದಿಗ್ಭ್ರಮೆಗೊಂಡರು. ದೊರೆ ಹೀಗೆ ಬರೆದಿರಲಾರ, ನಿಜವಾದ ಪತ್ರವನ್ನು ಧಣಿಗಳು ಬಚ್ಚಿಟ್ಟಿದ್ದಾರೆ ಎಂದರು.

ಕಜಾನ್ ಪ್ರಾಂತ್ಯದ ಬೆಜ್ದ್ನಾ ಎಂಬ ಹಳ್ಳಿಯಲ್ಲಿ ಅಂತೊನ್ ಪೆತ್ರೊವ್ ಎಂಬ, ಅಷ್ಟಿಷ್ಟು ಓದಬಲ್ಲ ರೈತ ಆ ಕಾನೂನಿನ ಪುಸ್ತಕವನ್ನು ಕೂತು ಓದಿದ. ಅದರ ಕೋಷ್ಟಕಗಳ ಸೊನ್ನೆಗಳಲ್ಲಿ ಅವನಿಗೆ ಬಿಡುಗಡೆಯ ಗುರುತು ಕಂಡಿತು. ಪೂರ್ತಿ ಸ್ವಾತಂತ್ರ್ಯ ಇಲ್ಲೇ ಇದೆ, ಭೂಮಿ ನಮ್ಮದು, ಧಣಿಗೆ ದುಡಿಯಬೇಡಿ ಎಂದ. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಅವನ ಗುಡಿಸಲಿನ ಮುಂದೆ ನೆರೆದರು. ಏಪ್ರಿಲ್ 12ರಂದು ಸೇನಾಪತಿ ಅಪ್ರಾಕ್ಸಿನ್ ಪಡೆಯೊಂದಿಗೆ ಬಂದು ಅವನನ್ನು ಒಪ್ಪಿಸಿ ಎಂದ. ಜನರ ಕೈಯಲ್ಲಿ ಆಯುಧ ಇರಲಿಲ್ಲ. ಅವರು ಕದಲಲಿಲ್ಲ. ಗುಂಡಿನ ಸುರಿಮಳೆಯಾಯಿತು. ಸರ್ಕಾರದ ಮೊದಲ ಲೆಕ್ಕದಲ್ಲೇ ಸತ್ತವರು ಐವತ್ತಕ್ಕೂ ಹೆಚ್ಚು. ಕೊನೆಗೆ ಪೆತ್ರೊವ್ ಕಾನೂನಿನ ಪುಸ್ತಕವನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಗೆ ಬಂದ. ಅದು ದೊರೆಯ ಮಾತು, ಅದು ತನ್ನನ್ನು ಕಾಯುತ್ತದೆ ಎಂದು ನಂಬಿದ್ದ. ಒಂದು ವಾರದ ನಂತರ ಅವನನ್ನು ಗುಂಡಿಕ್ಕಿ ಕೊಂದರು. ಸತ್ತ ರೈತರಿಗಾಗಿ ಕಜಾನ್‌ನ ವಿದ್ಯಾರ್ಥಿಗಳು ಪ್ರಾರ್ಥನೆ ಏರ್ಪಡಿಸಿದರು. ಅಲ್ಲಿ ಇತಿಹಾಸದ ಅಧ್ಯಾಪಕ ಅಫನಾಸಿ ಶ್ಚಾಪೊವ್ ಸಂವಿಧಾನಕ್ಕೆ ಜಯವಾಗಲಿ ಎಂದು ಮಾತಾಡಿ ಬಂಧನಕ್ಕೊಳಗಾದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಜನ ಅಷ್ಟು ಮುಗ್ಧರೇ? ಕೆಲವು ವಿದ್ವಾಂಸರು ಹೌದು ಎನ್ನುತ್ತಾರೆ. ಇನ್ನು ಕೆಲವರು, ಅದು ರೈತರ ಜಾಣತನ, ಸಿಕ್ಕಿಬಿದ್ದಾಗ ದೊರೆಯ ಆಜ್ಞೆ ಎಂದುಕೊಂಡಿದ್ದೆವು ಎಂದು ತಪ್ಪಿಸಿಕೊಳ್ಳುವ ದಾರಿ ಎನ್ನುತ್ತಾರೆ. ಎರಡೂ ಇತ್ತು ಎಂದು ನನಗೆ ತೋರುತ್ತದೆ. ಆದರೆ ಇನ್ನೂ ಆಳದಲ್ಲಿ ಒಂದು ಸಂಗತಿ ಇದೆ. ಧಣಿಗೆ ಎದುರು ನಿಂತು ಇದು ಅನ್ಯಾಯ ಎಂದು ಹೇಳಲು ಆ ರೈತನಿಗೆ ಬೇರೆ ಯಾವ ನೆಲೆಯೂ ಇರಲಿಲ್ಲ. ಶಾಸನಸಭೆ ಇಲ್ಲ, ಪತ್ರಿಕೆ ಇಲ್ಲ, ನ್ಯಾಯಾಲಯ ಧಣಿಯದೇ. ತನ್ನ ನ್ಯಾಯಕ್ಕೆ ಅವನು ಇಟ್ಟ ಹೆಸರು ದೊರೆ. ಅರಮನೆಯಲ್ಲಿ ಕೂತ ಮನುಷ್ಯನಿಗೂ ಆ ಹೆಸರಿಗೂ ಸಂಬಂಧ ಕಡಿಮೆ.

ಓದುಬರಹ ಕಲಿತ ಯುವಕರು ಇದನ್ನು ಅರ್ಥ ಮಾಡಿಕೊಂಡದ್ದು ಬಹಳ ತಡವಾಗಿ. 1874ರ ಬೇಸಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು ರೈತರ ಉಡುಪು ತೊಟ್ಟು ಹಳ್ಳಿಗಳಿಗೆ ಹೋಗಿ ಸಮಾಜವಾದ ಹೇಳಿದರು. ಎಷ್ಟೋ ಕಡೆ ರೈತರು ಅನುಮಾನಪಟ್ಟರು, ಕೆಲವು ಕಡೆ ಪೊಲೀಸರಿಗೆ ಹಿಡಿದುಕೊಟ್ಟರು. ಉಕ್ರೇನಿನ ಚಿಗಿರಿನ್ ಜಿಲ್ಲೆಯಲ್ಲಿ ಯಾಕೊವ್ ಸ್ತೆಫಾನೊವಿಚ್ ಮತ್ತು ಗೆಳೆಯರು ಬೇರೆ ದಾರಿ ಹಿಡಿದರು. ಧಣಿಗಳ ವಿರುದ್ಧ ಗುಟ್ಟಾಗಿ ಸಂಘಟಿತರಾಗಿ ಎಂದು ದೊರೆಯೇ ರೈತರಿಗೆ ಹೇಳಿದಂತೆ ನಕಲಿ ರಹಸ್ಯಪತ್ರ ಅಚ್ಚು ಹಾಕಿಸಿದರು. ಸುಮಾರು ಸಾವಿರ ರೈತರು ಪ್ರಮಾಣವಚನ ತೆಗೆದುಕೊಂಡು ಸೇರಿದರು. 1877ರಲ್ಲಿ ಅದು ಬಯಲಾಯಿತು. ಸುಳ್ಳಿನ ಮೇಲೆ ಕಟ್ಟಿದ ಈ ಕೆಲಸ ಇತರ ಕ್ರಾಂತಿಕಾರಿಗಳಿಗೂ ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ, ಏಕೆಂದರೆ ಅದರ ಶಿಕ್ಷೆ ಬಿದ್ದದ್ದು ನಂಬಿದ ರೈತರ ಮೇಲೆ. 1881ರ ಮಾರ್ಚ್ 1ರಂದು ಕ್ರಾಂತಿಕಾರಿಗಳು ಬಾಂಬು ಎಸೆದು ಎರಡನೆಯ ಅಲೆಕ್ಸಾಂಡರನನ್ನು ಕೊಂದಾಗ, ಹಳ್ಳಿಗಳು ಏಳುತ್ತವೆ ಎಂದು ನಂಬಿದ್ದವರಿಗೆ ನಿರಾಸೆಯಾಯಿತು. ಜೀತ ಬಿಡಿಸಿದ ದೊರೆಯನ್ನು ಜಮೀನುದಾರರೇ ಕೊಲ್ಲಿಸಿದ್ದಾರೆ ಎಂಬ ಮಾತು ಹಳ್ಳಿಗಳಲ್ಲಿ ಹಬ್ಬಿತು.

ಹೀಗೆ ಇಪ್ಪತ್ತನೆಯ ಶತಮಾನಕ್ಕೆ ಬಂದೆವು. ಪೀಟರ್ಸ್‌ಬರ್ಗ್‌ನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಮಂದಿ ಮೊನ್ನೆ ಮೊನ್ನೆ ಹಳ್ಳಿ ಬಿಟ್ಟು ಬಂದವರು. ಅವರ ನಡುವೆ ಗ್ರಿಗೊರಿ ಗಪೊನ್ ಎಂಬ ಪಾದ್ರಿ ಪೊಲೀಸರ ಅನುಮತಿಯಿಂದಲೇ ಕಾರ್ಮಿಕರ ಸಂಘ ಕಟ್ಟಿದ್ದ. 1904ರ ಡಿಸೆಂಬರಿನಲ್ಲಿ ಪುತಿಲೊವ್ ಕಾರ್ಖಾನೆಯಿಂದ ಸಂಘದ ಕೆಲವರನ್ನು ತೆಗೆದುಹಾಕಿದರು. ಜನವರಿ 3ರಂದು ಅಲ್ಲಿ ಮುಷ್ಕರ ಶುರುವಾಯಿತು. ಐದು ದಿನಗಳಲ್ಲಿ ಊರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿದ್ದರು. ಅವರು ಮಾಡಿದ್ದೇನು? ಮುತ್ತಾತಂದಿರು ಮಾಡಿದ್ದನ್ನೇ. ದೊರೆಗೆ ಅರ್ಜಿ ಬರೆದರು.

ಆ ಅರ್ಜಿಯನ್ನು ಒಮ್ಮೆ ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಎಂಟು ಗಂಟೆಯ ದುಡಿಮೆ, ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು, ಜಪಾನ್ ಜೊತೆಗಿನ ಯುದ್ಧಕ್ಕೆ ಕೊನೆ, ರೈತರ ಭೂಮಿ ಕಂತಿನ ರದ್ದತಿ, ಎಲ್ಲರ ಮತದಿಂದ ಆರಿಸಿದ ಸಂವಿಧಾನ ಸಭೆ. ಬೇಡಿಕೆಗಳೆಲ್ಲ ಹೊಸ ಶತಮಾನದವು. ಬೇಡುವ ದನಿ ಮಾತ್ರ ಹಳೆಯದು: ನಮ್ಮ ಹೆಂಡತಿ ಮಕ್ಕಳು, ದಿಕ್ಕಿಲ್ಲದ ಮುದಿ ತಂದೆತಾಯಿಯರೊಂದಿಗೆ ನಿನ್ನಲ್ಲಿ ನ್ಯಾಯ ಮತ್ತು ರಕ್ಷಣೆ ಬೇಡಿ ಬಂದಿದ್ದೇವೆ, ನೀನು ಕೇಳದಿದ್ದರೆ ಇಲ್ಲೇ, ನಿನ್ನ ಅರಮನೆಯ ಮುಂದಿನ ಈ ಚೌಕದಲ್ಲೇ ಸಾಯುತ್ತೇವೆ.

1905ರ ಜನವರಿ 9, ಭಾನುವಾರ. ಬೇರೆ ಬೇರೆ ಬಡಾವಣೆಗಳಿಂದ ಮೆರವಣಿಗೆಗಳು ಚಳಿಗಾಲದ ಅರಮನೆಯತ್ತ ಹೊರಟವು. ಕೈಯಲ್ಲಿ ದೇವರ ಪಟ, ದೊರೆಯ ಭಾವಚಿತ್ರ. ಬಾಯಲ್ಲಿ ದೊರೆಯನ್ನು ದೇವರು ಕಾಪಾಡಲಿ ಎಂಬ ಹಾಡು. ಹೆಂಗಸರು, ಮಕ್ಕಳು ಜೊತೆಗಿದ್ದರು. ದೊರೆ ಎರಡನೆಯ ನಿಕೊಲಸ್ ಊರಿನಲ್ಲೇ ಇರಲಿಲ್ಲ, ತ್ಸಾರ್‌ಸ್ಕೊಯೆ ಸೆಲೊ ಅರಮನೆಯಲ್ಲಿದ್ದ. ನಾರ್ವಾ ಮಹಾದ್ವಾರದ ಬಳಿ, ತ್ರೊಯಿತ್ಸ್ಕಿ ಸೇತುವೆಯ ಬಳಿ, ಕೊನೆಗೆ ಅರಮನೆಯ ಎದುರಿನಲ್ಲೇ ಸೈನಿಕರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 130, ಗಾಯಗೊಂಡವರು ಸುಮಾರು 300. ಊರಿನ ಜನ ಆ ಲೆಕ್ಕವನ್ನು ನಂಬಲಿಲ್ಲ. ಗುಂಡೇಟುಗಳ ನಡುವೆ ಗಪೊನ್, ಇನ್ನು ದೇವರೂ ಇಲ್ಲ, ದೊರೆಯೂ ಇಲ್ಲ ಎಂದನಂತೆ. ನಿಕೊಲಸ್ ಆ ರಾತ್ರಿ ತನ್ನ ದಿನಚರಿಯಲ್ಲಿ, ಕಷ್ಟದ ದಿನ, ಸೈನಿಕರು ಗುಂಡು ಹಾರಿಸಬೇಕಾಯಿತು, ದೇವರೇ ಎಷ್ಟು ನೋವು ಎಂದು ಬರೆದುಕೊಂಡ. ಅವನ ನೋವು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಹತ್ತು ದಿನದ ನಂತರ ಅಧಿಕಾರಿಗಳು ಆರಿಸಿದ 34 ಕಾರ್ಮಿಕರನ್ನು ಅರಮನೆಗೆ ಕರೆಸಿ, ನಿಮ್ಮ ತಪ್ಪನ್ನು ಕ್ಷಮಿಸಿದ್ದೇನೆ ಎಂದ. ಗುಂಡು ತಿಂದವರಿಗೆ ಗುಂಡು ಹೊಡೆಸಿದವನ ಕ್ಷಮೆ! ಮುನ್ನೂರು ವರ್ಷದ ವಂಶವೊಂದು ತನ್ನ ಬುಡವನ್ನು ತಾನೇ ಕಡಿದುಕೊಂಡದ್ದು ಆ ಹತ್ತು ದಿನಗಳಲ್ಲಿ ಎಂದು ನಾನು ನಂಬುತ್ತೇನೆ.

ಆಮೇಲಿನದು ವೇಗವಾಗಿ ನಡೆಯಿತು. ಜೂನ್‌ನಲ್ಲಿ ಹುಳ ಬಿದ್ದ ಮಾಂಸದ ಕಾರಣಕ್ಕೆ ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ಬಂಡೆದ್ದರು. ಹಳ್ಳಿಗಳಲ್ಲಿ ಧಣಿಗಳ ಮನೆಗಳು ಉರಿದವು. ಅಕ್ಟೋಬರಿನಲ್ಲಿ ರೈಲ್ವೆ ಕಾರ್ಮಿಕರಿಂದ ಆರಂಭವಾದ ಸಾರ್ವತ್ರಿಕ ಮುಷ್ಕರ ದೇಶವನ್ನೇ ನಿಲ್ಲಿಸಿತು. ಅಕ್ಟೋಬರ್ 17ರಂದು ನಿಕೊಲಸ್ ಮಣಿದು ಚುನಾಯಿತ ಶಾಸನಸಭೆಯಾದ ದೂಮಾವನ್ನು ಒಪ್ಪಿಕೊಂಡ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ ಇದನ್ನು ಗಮನಿಸಿ, ಆಳಿಸಿಕೊಳ್ಳುವವರ ಸಹಕಾರವಿಲ್ಲದೆ ಎಂಥ ಬಲಿಷ್ಠನೂ ಆಳಲಾರ ಎಂದು ಆ ನವೆಂಬರಿನಲ್ಲೇ ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಬರೆದರು. ಡಿಸೆಂಬರಿನಲ್ಲಿ ಮಾಸ್ಕೋದ ಪ್ರೆಸ್ನ್ಯಾ ಬಡಾವಣೆಯ ಬಂಡಾಯವನ್ನು ಫಿರಂಗಿಗಳಿಂದ ಅಡಗಿಸಲಾಯಿತು.

ಅಷ್ಟಾದರೂ ಹಳ್ಳಿ ಇನ್ನೂ ಕಾಗದ ಬರೆಯುತ್ತಿತ್ತು. 1905 ಮತ್ತು 1906ರಲ್ಲಿ ಹಳ್ಳಿಯ ಸಭೆಗಳು ಠರಾವು ಮಾಡಿ, ಸಹಿ ಹಾಕಿ, ಬರೆಯಲು ಬಾರದವರು ಇತರರಿಂದ ಹಾಕಿಸಿ, ಸಾವಿರಾರು ಮನವಿಗಳನ್ನು ಕಳಿಸಿದವು. ಮೊದಲು ಸರ್ಕಾರಕ್ಕೆ, ಆಮೇಲೆ ದೂಮಾಕ್ಕೆ. ಭೂಮಿ ದುಡಿಯುವವನದು ಎಂಬುದೇ ಅವುಗಳ ಸಾರ. ಮೊದಲ ದೂಮಾ ಈ ಭೂಮಿಯ ಪ್ರಶ್ನೆಯನ್ನೇ ಎತ್ತಿಕೊಂಡಿತು. ಎಪ್ಪತ್ತು ಚಿಲ್ಲರೆ ದಿನಗಳಲ್ಲಿ ದೊರೆ ಅದನ್ನು ವಿಸರ್ಜಿಸಿದ. 1907ರ ಜೂನ್ 3ರಂದು ಮತದಾನದ ನಿಯಮವನ್ನೇ ಬದಲಿಸಿ ರೈತರ ಪಾಲನ್ನು ಕುಗ್ಗಿಸಿದ.

1912ರ ಏಪ್ರಿಲ್ 4ರಂದು ಸೈಬೀರಿಯಾದ ಲೇನಾ ಚಿನ್ನದ ಗಣಿಗಳಲ್ಲಿ, ಕೊಳೆತ ಮಾಂಸ ಕೊಟ್ಟರೆಂದು ಮುಷ್ಕರ ಹೂಡಿದ್ದ ಕಾರ್ಮಿಕರು ತಮ್ಮ ತಮ್ಮ ಹೇಳಿಕೆಗಳನ್ನು ಕಾಗದದಲ್ಲಿ ಬರೆದುಕೊಂಡು ಸರ್ಕಾರಿ ವಕೀಲನಿಗೆ ಕೊಡಲು ನಡೆದು ಹೋಗುತ್ತಿದ್ದರು. ಮತ್ತೆ ಗುಂಡು. ನೂರೈವತ್ತಕ್ಕೂ ಹೆಚ್ಚು ಸಾವು. ಒಳಾಡಳಿತ ಮಂತ್ರಿ ಮಕಾರೊವ್ ದೂಮಾದಲ್ಲಿ ಎದ್ದು, ಹೀಗೇ ನಡೆದುಕೊಂಡು ಬಂದಿದೆ, ಮುಂದೆಯೂ ಹೀಗೇ ನಡೆಯುತ್ತದೆ ಎಂದ.

ಮುಂದೆ ನಡೆದದ್ದೇ ಬೇರೆ. 1917ರ ಫೆಬ್ರುವರಿ 23, ಮಹಿಳಾ ದಿನ. ರೊಟ್ಟಿಯ ಸರದಿಯಲ್ಲಿ ನಿಂತು ನಿಂತು ಸಾಕಾಗಿದ್ದ ಪೆತ್ರೊಗ್ರಾದ್‌ನ (ಪೀಟರ್ಸ್‌ಬರ್ಗ್‌ಗೆ 1914ರಲ್ಲಿ ಇಟ್ಟ ಹೊಸ ಹೆಸರು) ಜವಳಿ ಗಿರಣಿಯ ಹೆಂಗಸರು ಹೊರಗೆ ಬಂದು, ಪಕ್ಕದ ಲೋಹದ ಕಾರ್ಖಾನೆಗಳ ಗಂಡಸರನ್ನೂ ಕರೆದರು. ಸೇತುವೆಗಳನ್ನು ಪೊಲೀಸರು ಅಡ್ಡಗಟ್ಟಿದಾಗ ಹೆಪ್ಪುಗಟ್ಟಿದ ನೆವಾ ನದಿಯ ಮೇಲೆ ನಡೆದು ನಗರದ ಮಧ್ಯಕ್ಕೆ ಬಂದರು. ಆ ದಿನಗಳಲ್ಲಿ ಯಾರೂ ದೊರೆಯ ಭಾವಚಿತ್ರ ಹಿಡಿಯಲಿಲ್ಲ. ಯಾರೂ ಅರ್ಜಿ ಬರೆಯಲಿಲ್ಲ. 26ರಂದು ವೊಲಿನ್‌ಸ್ಕಿ ರೆಜಿಮೆಂಟಿನ ತುಕಡಿ ಜನರ ಮೇಲೆ ಗುಂಡು ಹಾರಿಸಿತು, 27ರ ಬೆಳಿಗ್ಗೆ ಅದೇ ತುಕಡಿ ತನ್ನ ಅಧಿಕಾರಿಯನ್ನು ಕೊಂದು ಜನರ ಕಡೆ ಬಂತು. 1905ರಲ್ಲಿ ಅರಮನೆಯ ಮುಂದೆ ಗುಂಡು ಹಾರಿಸಿದ್ದ ಪ್ರಿಯೊಬ್ರಾಜೆನ್‌ಸ್ಕಿ ರೆಜಿಮೆಂಟಿನ ಸೈನಿಕರೂ ಅಂದು ಬಂಡಾಯಕ್ಕೆ ಸೇರಿದರು. ಸೈನಿಕರು ಯಾರು? ಸಮವಸ್ತ್ರ ತೊಟ್ಟ ರೈತರ ಮಕ್ಕಳು. ಆ ದಿನಗಳಲ್ಲಿ ದೊರೆಗೆ ಮೊರೆಯಿಟ್ಟವನು ದೂಮಾದ ಅಧ್ಯಕ್ಷ ರೊಜ್ಯಾಂಕೊ, ಸ್ವತಃ ದೊಡ್ಡ ಜಮೀನುದಾರ. ಜನರಿಗೆ ನಂಬಿಕೆಯಿರುವ ಸರ್ಕಾರವನ್ನು ಕೂಡಲೇ ನೇಮಿಸಿ ಎಂದು ಅವನು ಕಳಿಸಿದ ತಂತಿಗೆ ನಿಕೊಲಸ್ ಉತ್ತರವನ್ನೇ ಕೊಡಲಿಲ್ಲ.

ಮಾರ್ಚ್ 2ರಂದು ಪ್ಸ್ಕೊವ್‌ನಲ್ಲಿ ರೈಲಿನ ಬೋಗಿಯೊಳಗೆ ಅವನು ಪಟ್ಟ ಬಿಟ್ಟುಕೊಟ್ಟ. ಮರುದಿನ ಅವನ ತಮ್ಮ ಮಿಖಾಯಿಲ್ ಅದನ್ನು ಸ್ವೀಕರಿಸಲು ಒಪ್ಪಲಿಲ್ಲ. ನಿಕೊಲಸ್‌ನ ಪರವಾಗಿ ಹಳ್ಳಿಗಳು ಏಳಲಿಲ್ಲ. ಆ ವಸಂತದಲ್ಲಿ ಹಳ್ಳಿಗಳಿಂದ, ಸೈನಿಕರ ಕಂದಕಗಳಿಂದ ಮತ್ತೆ ಸಾವಿರಾರು ಕಾಗದಗಳು ಹೊರಟವು, ಈ ಸಲ ಪೆತ್ರೊಗ್ರಾದ್ ಸೋವಿಯತ್ತಿಗೆ, ಅಂದರೆ ಕಾರ್ಮಿಕರು ಮತ್ತು ಸೈನಿಕರ ಪ್ರತಿನಿಧಿಗಳ ಸಭೆಗೆ, ಮತ್ತು ದೊರೆಯ ಜಾಗಕ್ಕೆ ಬಂದ ತಾತ್ಕಾಲಿಕ ಸರ್ಕಾರಕ್ಕೆ. ಭೂಮಿಯ ವಿಷಯ ಸಂವಿಧಾನ ಸಭೆ ಸೇರುವವರೆಗೆ ಕಾಯಲಿ ಎಂದು ಸರ್ಕಾರ ಹೇಳಿತು. ಆ ವರ್ಷದ ಶರತ್ಕಾಲದ ಹೊತ್ತಿಗೆ ಅನೇಕ ಪ್ರಾಂತ್ಯಗಳ ಹಳ್ಳಿಗರು ಯಾರ ಅಪ್ಪಣೆಗೂ ಕಾಯದೆ ಧಣಿಗಳ ಹೊಲಗಳನ್ನು ತಮ್ಮೊಳಗೇ ಹಂಚಿಕೊಳ್ಳತೊಡಗಿದ್ದರು.